ಹೈಪೀರಿಯನ್ ಗ್ರಾಫ್ 900 ನ್ಯಾನೋಮೀಟರ್ ಬಳಿ ಜಿಗಿಯೋದು ಯಾಕೆ?

ಹೈಪೀರಿಯನ್ ಅಂದರೆ ನಾಸಾದ ಇಒ-1 ಉಪಗ್ರಹದಲ್ಲಿದ್ದ, ನೆಲದಿಂದ ಬರುವ ಬೆಳಕನ್ನು ನೂರಾರು ಕಿರಿದಾದ ತರಂಗಾಂತರ ಪಟ್ಟಿಗಳಲ್ಲಿ (ಬ್ಯಾಂಡ್) ಅಳೆಯುತ್ತಿದ್ದ ಉಪಕರಣ. ಅದರ ದತ್ತಾಂಶದಿಂದ ಬರೆದ ಗ್ರಾಫ್‌ನ ಗೆರೆ ಅಲ್ಲಿ ಹೆಚ್ಚುಕಡಿಮೆ ದುಪ್ಪಟ್ಟಾಗಿ ಜಿಗಿಯುತ್ತಿದೆ ಅಂದರೆ, ಬಹುಶಃ ನೀವು ಸ್ಕೇಲ್ ಫ್ಯಾಕ್ಟರ್‌ನಿಂದ (ಕಡತದಲ್ಲಿನ ಅಂಕಿಯನ್ನು ನಿಜವಾದ ಬೆಳಕಿನ ಅಳತೆಗೆ ತರುವ ಸಂಖ್ಯೆ) ಭಾಗಿಸಿಲ್ಲ. 2017ರಲ್ಲಿ ಕೆಲಸ ನಿಲ್ಲಿಸಿದ ಈ ಉಪಗ್ರಹದ ಹೈಪೀರಿಯನ್‌ನಲ್ಲಿ ಎರಡು ಬೇರೆ ಸ್ಪೆಕ್ಟ್ರೋಮೀಟರ್ (ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ ಅಳೆಯುವ ಸಾಧನ) ಇದ್ದವು, ಎರಡರ ಸ್ಕೇಲ್ ಫ್ಯಾಕ್ಟರ್ ಬೇರೆ.

ಮೊದಲು ಒಂದು ಸ್ಪೆಕ್ಟ್ರೋಮೀಟರ್‌ನ 1ರಿಂದ 70ರವರೆಗಿನ ಬ್ಯಾಂಡ್‌ಗಳನ್ನು 40ರಿಂದ, ಇನ್ನೊಂದರ 71ರಿಂದ 242ರವರೆಗಿನವನ್ನು 80ರಿಂದ ಭಾಗಿಸಿ. ಆಮೇಲೆ 8–57 ಮತ್ತು 79–224 ಮಾತ್ರ ಇಟ್ಟುಕೊಳ್ಳಿ. ಒಟ್ಟು 196 ಆಗುತ್ತವೆ. ನಿಮಗೆ ಬರೀ ಸೊನ್ನೆ ಕಾಣುತ್ತಿರುವ ಬ್ಯಾಂಡ್‌ಗಳು ಹಾಳಾದವಲ್ಲ, ಅವನ್ನು ಕ್ಯಾಲಿಬ್ರೇಟ್ ಮಾಡಿಲ್ಲ (ಅಳತೆಗೆ ಹೊಂದಿಸಿಲ್ಲ) ಅಷ್ಟೇ. 77, 78 ಬಿಟ್ಟಿದ್ದು ಅವುಗಳ ತರಂಗಾಂತರ 56, 57ರ ಜೊತೆ ಅತಿಕ್ರಮಿಸುವುದರಿಂದ.

1400, 1900 ನ್ಯಾನೋಮೀಟರ್ ಹತ್ತಿರ ಗ್ರಾಫ್‌ನಲ್ಲಿ ಕಾಣುವ ತಗ್ಗು ಗಾಳಿಯಲ್ಲಿನ ನೀರಾವಿಯದು. ಆ ಬ್ಯಾಂಡ್‌ಗಳನ್ನೂ ತೆಗೆದು, ಆಮೇಲೆ ವಾತಾವರಣದ ತಿದ್ದುಪಡಿ (ಗಾಳಿಯ ಪ್ರಭಾವ ಕಳೆಯುವ ಲೆಕ್ಕ) ಮಾಡಿ. ಇಷ್ಟಾದ ಮೇಲೂ ಸಣ್ಣ ಜಿಗಿತ ಉಳಿದರೆ, ಎರಡು ಸ್ಪೆಕ್ಟ್ರೋಮೀಟರ್‌ಗಳ ಪಿಕ್ಸೆಲ್ ಒಂದರ ಮೇಲೊಂದು ಸರಿಯಾಗಿ ಕೂತಿಲ್ಲದೆ ಇರಬಹುದು. ದೊಡ್ಡ ಬಯಲಿನಂಥ ಒಂದೇ ಬಗೆಯ ನೆಲದ ಮೇಲೆ ಪರೀಕ್ಷಿಸಿ. ಅಲ್ಲಿ ಜಿಗಿತ ಇಲ್ಲದಿದ್ದರೆ ಕಾರಣ ಅದೇ.