ವೇಗದ ಅಂಕಿಗಳು ಗೊತ್ತಿಲ್ಲದೆ ರಾಸಾಯನಿಕ ಕ್ರಿಯಾಜಾಲದ ಬಗ್ಗೆ ಏನಾದರೂ ಹೇಳಬಹುದೇ?

ಹೇಳಬಹುದು. ಗ್ರಾಫ್ ಥಿಯರಿಯಲ್ಲಿ, ಅಂದರೆ ಚುಕ್ಕಿ-ಗೆರೆಗಳ ಗಣಿತದಲ್ಲಿ, ನನಗೆ ತುಂಬ ಇಷ್ಟವಾದ ಭಾಗವೇ ಇದು. ಕಿಣ್ವವೊಂದು ಸಬ್‌ಸ್ಟ್ರೇಟ್ ಅನ್ನೋ ವಸ್ತುವನ್ನು ಹಿಡಿದು (ಆಗ ಅದು ಜೋಡಿ) ಉತ್ಪನ್ನವಾಗಿ ಬದಲಿಸುವುದನ್ನೇ ನೋಡಿ:

ಕಿಣ್ವ + ಸಬ್‌ಸ್ಟ್ರೇಟ್ ⇌ ಜೋಡಿ → ಕಿಣ್ವ + ಉತ್ಪನ್ನ

ಬಾಣದ ತುದಿಗಳಲ್ಲಿರುವ ಒಂದೊಂದು ಗುಂಪನ್ನೂ ಒಂದು ಚುಕ್ಕಿ ಅಂದುಕೊಳ್ಳಿ. ಇಲ್ಲಿ ಚುಕ್ಕಿಗಳು 3. ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿವೆ, ಅಂದರೆ ತುಂಡು 1. ಸ್ವತಂತ್ರ ಕ್ರಿಯೆಗಳು 2, ಯಾಕೆಂದರೆ ಹಿಂದಕ್ಕೆ ಹೋಗುವ ಬಾಣ ಮುಂದಿನದರ ಉಲ್ಟಾ ಅಷ್ಟೇ ಅಲ್ವಾ? ಈಗ ಕಳೆಯಿರಿ: 3 − 1 − 2 = 0. ಇದಕ್ಕೆ ಡಿಫಿಶಿಯನ್ಸಿ ಅಂತಾರೆ.

1972ರ ಸುಮಾರಿಗೆ ಹಾರ್ನ್, ಜಾಕ್ಸನ್ ಮತ್ತು ಫೈನ್‌ಬರ್ಗ್ ಅನ್ನೋ ಸಂಶೋಧಕರು ಕಟ್ಟಿದ ಸಿದ್ಧಾಂತ ಇದು. ಕ್ರಿಯೆಯ ವೇಗ ಸಾಂದ್ರತೆಗಳ ಗುಣಲಬ್ಧಕ್ಕೆ ತಕ್ಕಂತೆ ಇರಬೇಕು, ವೇಗದ ಬಗ್ಗೆ ಅದೊಂದೇ ಷರತ್ತು. ಡಿಫಿಶಿಯನ್ಸಿ ಸೊನ್ನೆಯಾಗಿ, ಪ್ರತಿ ಬಾಣಕ್ಕೂ ಸುತ್ತಿಬಳಸಿಯಾದರೂ ವಾಪಸ್ ದಾರಿ ಇದ್ದರೆ, ಹಾಕಿದ ವಸ್ತುವಿನ ಮೊತ್ತಕ್ಕೆ ತಕ್ಕಂತೆ ಎಲ್ಲ ವಸ್ತುಗಳೂ ಉಳಿಯುವ ಸಮಸ್ಥಿತಿ (ಪ್ರಮಾಣಗಳು ಬದಲಾಗದೆ ನಿಲ್ಲುವ ಸ್ಥಿತಿ) ಒಂದೇ ಒಂದು. ವೇಗದ ಸ್ಥಿರಾಂಕ ಎಷ್ಟೇ ಇರಲಿ!

ನಮ್ಮ ಉದಾಹರಣೆಯ ಕೊನೆಯ ಬಾಣಕ್ಕೆ ವಾಪಸ್ ದಾರಿಯಿಲ್ಲ. ಹಾಗಾಗಿ ಎಲ್ಲ ವಸ್ತುಗಳೂ ಉಳಿದು ನಿಲ್ಲುವ ಸ್ಥಿತಿಯಿಲ್ಲ, ಮತ್ತೆ ಮತ್ತೆ ಮರುಕಳಿಸುವ ಏರಿಳಿತವೂ ಇಲ್ಲ. ಸಬ್‌ಸ್ಟ್ರೇಟ್ ಖಾಲಿಯಾಗುತ್ತಾ ಹೋಗುತ್ತದೆ.

ಡಿಫಿಶಿಯನ್ಸಿ ಜಾಸ್ತಿ ಬಂದರೆ ಏರಿಳಿತ ಇದ್ದೇ ಇರುತ್ತದೆ ಅಂತ ಅಲ್ಲ. ಅಲ್ಲಿ ಬೇರೆ ಪರೀಕ್ಷೆಗಳು ಬೇಕು.