ಮೆಲ್ಬೋರ್ನ್‌ನಿಂದ ಉಲುರುವಿಗೆ ಕ್ಯಾಂಪರ್‌ವ್ಯಾನ್: ಹತ್ತು ದಿನ ಸಾಕೇ?

ನೀವು ಕೇಳಿರುವುದು ಇಷ್ಟು: ಗಂಡ-ಹೆಂಡತಿ ಇಬ್ಬರೂ ಐವತ್ತು ದಾಟಿದವರು, ಸಸ್ಯಾಹಾರಿಗಳು, ಜುಲೈ ತಿಂಗಳಲ್ಲಿ ಮೆಲ್ಬೋರ್ನ್‌ನಲ್ಲಿರುವ ಮಗನ ಮನೆಗೆ ಬರುತ್ತಿದ್ದೀರಿ, ಅಲ್ಲಿಂದ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಪಡೆದು ಇಬ್ಬರೇ ಆಸ್ಟ್ರೇಲಿಯಾದ ನಡುವಿನ ಉಲುರು ಎಂಬ ಬೃಹತ್ ಬಂಡೆಯವರೆಗೆ ಹೋಗಿಬರಲು ಹತ್ತು ದಿನ ಸಾಕೇ, ದಾರಿಯಲ್ಲಿ ಊಟ, ವಸತಿ, ಸುರಕ್ಷತೆ ಹೇಗೆ ಎಂದು. ನಾನೂ ನನ್ನ ಹೆಂಡತಿಯೂ ಇದೇ ದಾರಿಯಲ್ಲಿ, ಇದೇ ಜುಲೈ ತಿಂಗಳಲ್ಲಿ, ಹದಿನೇಳು ದಿನ ಹೋಗಿಬಂದವರಾದ್ದರಿಂದ ಉತ್ತರಿಸುತ್ತಿದ್ದೇನೆ.

ಹತ್ತು ದಿನ ಸಾಲದು. ಮೆಲ್ಬೋರ್ನ್‌ನಿಂದ ಮಿಲ್ಡೂರಾ, ಪೋರ್ಟ್ ಆಗಸ್ಟಾ ಮಾರ್ಗವಾಗಿ ಉಲುರುವಿಗೆ ಸುಮಾರು 2,300 ಕಿಲೋಮೀಟರ್. ನಕ್ಷೆಯಲ್ಲಿ ನೋಡಿದರೆ ರಸ್ತೆ ನೇರವಾಗಿದೆ, ವಾಹನಗಳಿಲ್ಲ, ದಿನಕ್ಕೆ ಏಳುನೂರು ಕಿಲೋಮೀಟರ್ ಸಲೀಸಾಗಿ ಹೋಗಬಹುದು ಎನಿಸುತ್ತದೆ. ನಮಗೂ ಹಾಗೆಯೇ ಅನಿಸಿತ್ತು. ಆದರೆ ಅಲ್ಲಿ ದೂರವನ್ನು ಅಳೆಯಬೇಕಾದದ್ದು ಕಿಲೋಮೀಟರಿನಿಂದಲ್ಲ, ಬಿಸಿಲಿನಿಂದ. ಜುಲೈ ಅಲ್ಲಿನ ಚಳಿಗಾಲ. ಬೆಳಿಗ್ಗೆ ಏಳು ದಾಟಿದ ಮೇಲೆ ಸೂರ್ಯ ಹುಟ್ಟುತ್ತಾನೆ, ಪೋರ್ಟ್ ಆಗಸ್ಟಾದ ಆಸುಪಾಸಿನಲ್ಲಿ ಸಂಜೆ ಐದೂವರೆಯೊಳಗೆ ಮುಳುಗಿಯೂ ಬಿಡುತ್ತಾನೆ. ಬೆಳಗಿನ ಮಬ್ಬು ಹರಿದು ಹೊರಟು, ನಡುವೆ ಕಾಫಿ, ಊಟ, ಡೀಸೆಲ್ ಎಂದು ನಿಂತು, ಸಂಜೆ ನಾಲ್ಕೂವರೆಗೆ ತಂಗುವ ಜಾಗ ಸೇರಬೇಕೆಂದರೆ ವ್ಯಾನ್ ಓಡುವುದು ಐದು ಗಂಟೆ, ಹೆಚ್ಚೆಂದರೆ 420 ಕಿಲೋಮೀಟರ್. ಹೋಗಲು ಆರು ದಿನ, ಬರಲು ಆರು ದಿನ ಎಂದು ಲೆಕ್ಕ ಹಾಕಿದರೆ ನಿಮ್ಮ ಹತ್ತು ದಿನ ಉಲುರು ನೋಡುವ ಮೊದಲೇ ಮುಗಿದುಹೋಗುತ್ತವೆ.

ಕತ್ತಲಾದ ಮೇಲೂ ಓಡಿಸಿದರೇನು ಎಂದು ನೀವು ಕೇಳಬಹುದು. ಕಾಂಗರೂಗಳು ಮೇಯಲು ಹೊರಬರುವುದು ಮುಸ್ಸಂಜೆ ಮತ್ತು ನಸುಕಿನಲ್ಲಿ. ಬೇಲಿಯಿಲ್ಲದ ಕಡೆ ದನಗಳು ದಾರಿಯ ಮೇಲೆಯೇ ನಿಂತಿರುತ್ತವೆ. ಅನೇಕ ಬಾಡಿಗೆ ಕರಾರುಗಳಲ್ಲಿ, ಊರಿನ ಹೊರಗೆ ಕತ್ತಲಲ್ಲಿ ಓಡಿಸುವಾಗ ಆದ ಹಾನಿಗೆ ವಿಮೆ ಅನ್ವಯಿಸುವುದಿಲ್ಲ ಎಂಬ ಷರತ್ತು ಇರುತ್ತದೆ; ಸಹಿ ಹಾಕುವ ಮೊದಲು ಆ ಪುಟವನ್ನು ದಯವಿಟ್ಟು ಓದಿರಿ. "ನಾಲ್ಕೂವರೆ ಎಂದರೆ ನಾಲ್ಕೂವರೆ" ಎಂದು ನನ್ನ ಹೆಂಡತಿ ಮೊದಲ ದಿನವೇ ನಿಯಮ ಮಾಡಿದ್ದಳು. ಅದನ್ನು ನಾವು ಮುರಿದದ್ದು ಒಂದೇ ದಿನ. ದಾರಿಯ ಊರಾದ ಕೂಬರ್ ಪೀಡಿಯ ಅಂಗಡಿಯೊಂದರಲ್ಲಿ ನಾನು ಓಪಲ್ ಹರಳುಗಳನ್ನು ನೋಡುತ್ತ ಹೊತ್ತು ಕಳೆದೆ (ಕೊಂಡದ್ದು ಏನೂ ಇಲ್ಲ), ಹಾಗಾಗಿ ಮಾರ್ಲಾ ದಾಟುವಾಗಲೇ ಬಿಸಿಲು ಇಳಿದಿತ್ತು. ಆರರ ಹೊತ್ತಿಗೆ ದೀಪದ ಬೆಳಕಿನಲ್ಲಿ, ರಸ್ತೆಯ ನಡುಗೆರೆಯ ಮೇಲೆಯೇ, ಆಳೆತ್ತರದ ಕೆಂಪು ಕಾಂಗರೂ ಒಂದು ನಿಂತಿತ್ತು. ಅದು ಓಡಲಿಲ್ಲ. ಬೆಳಕನ್ನೇ ನೋಡುತ್ತ ನಿಂತು, ನಾನು ಬ್ರೇಕ್ ಒತ್ತಿ ವ್ಯಾನ್ ಇನ್ನೇನು ನಿಲ್ಲುತ್ತದೆ ಎನ್ನುವಾಗ ನಮ್ಮ ಎದುರಿಗೇ ಅಡ್ಡ ಜಿಗಿದು ಪೊದೆ ಸೇರಿತು. ಹಿಂದೆ ಕಪಾಟಿನ ಬಾಗಿಲು ತೆರೆದುಕೊಂಡು ಪಾತ್ರೆಗಳೆಲ್ಲ ಉರುಳಿದವು. ಚಟ್ನಿಪುಡಿಯ ಡಬ್ಬಿ ಒಡೆದು ಹಾಸಿಗೆಯ ತುಂಬ ಚೆಲ್ಲಿತು. ಆ ರಾತ್ರಿ ನಾವು ಹೆಚ್ಚು ಮಾತನಾಡಲಿಲ್ಲ.

ರಸ್ತೆಯ ಬಗ್ಗೆ ಭಯ ಬೇಡ. ಪೋರ್ಟ್ ಆಗಸ್ಟಾದಿಂದ ಡಾರ್ವಿನ್‌ವರೆಗೆ ಹೋಗುವ ಸ್ಟುವರ್ಟ್ ಹೆದ್ದಾರಿ ಪೂರ್ತಿ ಡಾಂಬರಿನದು. ನಮ್ಮಲ್ಲಿಯಂತೆಯೇ ಎಡಬದಿಯ ಸಂಚಾರ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ವೇಗಮಿತಿ 110, ಉತ್ತರ ಪ್ರಾಂತ್ಯಕ್ಕೆ ಕಾಲಿಟ್ಟರೆ 130. ವ್ಯಾನ್‌ಗೆ ಆ 130 ಅನ್ವಯಿಸುತ್ತದೆ ಎಂದು ದಯವಿಟ್ಟು ಭಾವಿಸಬೇಡಿ. 95ರ ಆಚೆ ಗಾಳಿ ಅದನ್ನು ಅಲ್ಲಾಡಿಸುತ್ತದೆ, ಡೀಸೆಲ್ಲೂ ಸುರಿದುಹೋಗುತ್ತದೆ. ನಿಮಗೆ ಹೊಸತೆನಿಸುವುದು ರೋಡ್ ಟ್ರೇನ್‌ಗಳು, ಅಂದರೆ ಮೂರು ನಾಲ್ಕು ಟ್ರೇಲರ್‌ಗಳನ್ನು ಎಳೆಯುವ, 53 ಮೀಟರಿಗೂ ಹೆಚ್ಚು ಉದ್ದದ ಲಾರಿಗಳು. ಅವು ಎದುರಿನಿಂದ ಬಂದಾಗ ಸ್ಟಿಯರಿಂಗ್ ಅನ್ನು ಎರಡೂ ಕೈಯಲ್ಲಿ ಹಿಡಿದು ತುಸು ಎಡಕ್ಕೆ ಸರಿಯಿರಿ. ಹಿಂದಿನಿಂದ ಬಂದರೆ ವೇಗ ತಗ್ಗಿಸಿ ದಾರಿ ಬಿಡಿ. ಅವನ್ನು ಹಿಂದಿಕ್ಕುವ ಉಮೇದು ನಮಗಂತೂ ಬರಲಿಲ್ಲ. ಗ್ಲೆಂಡಾಂಬೊದಿಂದ ಕೂಬರ್ ಪೀಡಿಯವರೆಗಿನ ಸುಮಾರು 250 ಕಿಲೋಮೀಟರ್‌ನಲ್ಲಿ ಒಂದೂ ಪೆಟ್ರೋಲ್ ಬಂಕ್ ಇಲ್ಲವಾದ್ದರಿಂದ, ಟ್ಯಾಂಕ್ ಅರ್ಧಕ್ಕೆ ಇಳಿಯುವ ಮೊದಲೇ ತುಂಬಿಸುವುದು ಒಳ್ಳೆಯದು, ದರ ಎಷ್ಟೇ ಇರಲಿ.

ವಸತಿಗೆ ಮೂರು ದಾರಿಗಳಿವೆ: ಊರುಗಳಲ್ಲಿ ಬಿಸಿನೀರು, ವಿದ್ಯುತ್ ಇರುವ ಕ್ಯಾರವಾನ್ ಪಾರ್ಕ್, ರೋಡ್‌ಹೌಸ್ ಎನ್ನುವ ಹೆದ್ದಾರಿಯ ತಂಗುದಾಣದ ಹಿತ್ತಲು, ಹಾಗೂ ರಾತ್ರಿ ತಂಗಲು ಅನುಮತಿಯಿರುವ, ಮೇಜು-ಬೆಂಚನ್ನು ಬಿಟ್ಟರೆ ಹೆಚ್ಚೇನೂ ಇಲ್ಲದ ಉಚಿತ ವಿಶ್ರಾಂತಿ ತಾಣಗಳು. ಎರಡು ರಾತ್ರಿ ಉಚಿತ ತಾಣ, ಮೂರನೆಯ ರಾತ್ರಿ ಪಾರ್ಕ್ ಎಂಬ ಸರತಿ ನಮಗೆ ಹೊಂದಿತು. ಇಬ್ಬರೇ ಬಯಲಿನಲ್ಲಿ ಮಲಗುವುದು ಹೇಗೆ ಎಂಬ ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಚಳಿಗಾಲದಲ್ಲಿ ಆ ತಾಣಗಳು ಖಾಲಿ ಇರುವುದಿಲ್ಲ. ನಿವೃತ್ತರಾಗಿ ತಿಂಗಳುಗಟ್ಟಲೆ ದೇಶ ಸುತ್ತುವ ಅಲ್ಲಿನ ಹಿರಿಯ ದಂಪತಿಗಳು, ಅವರನ್ನು ಅಲ್ಲಿ 'ಗ್ರೇ ನೋಮ್ಯಾಡ್'ಗಳೆನ್ನುತ್ತಾರೆ, ಮೂರು ಗಂಟೆಗೇ ಬಂದು ಮಡಿಸುವ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾರೆ. ಅವರ ಪಕ್ಕದಲ್ಲಿ ಗೌರವದ ಅಂತರ ಬಿಟ್ಟು ನಿಲ್ಲಿಸಿದರೆ ಅದಕ್ಕಿಂತ ಒಳ್ಳೆಯ ಕಾವಲು ಬೇರೆ ಬೇಕಿಲ್ಲ. ಪಿಂಬಾ ದಾಟಿದ ಮೇಲೆ ಸಿಗುವ ಲೇಕ್ ಹಾರ್ಟ್ ಎಂಬ ಉಪ್ಪಿನ ಕೆರೆಯ ಬಳಿ ತಂಗಿದ ರಾತ್ರಿ ನಮ್ಮ ಪ್ರವಾಸದ ಅತ್ಯುತ್ತಮ ರಾತ್ರಿ. ಕೆರೆಯೆಂದರೆ ನೀರಲ್ಲ, ಕಣ್ಣಳತೆಯುದ್ದಕ್ಕೂ ಬಿಳಿಯ ಹೆಪ್ಪು. ಅದರ ಅಂಚಿನಲ್ಲಿಯೇ ಅಡಿಲೇಡ್-ಡಾರ್ವಿನ್ ರೈಲುಹಳಿ ಹಾದುಹೋಗುತ್ತದೆ. ನಡುರಾತ್ರಿ ಗೂಡ್ಸ್ ಗಾಡಿಯೊಂದು ಬಂದು, ಅದರ ಸದ್ದು ಪೂರ್ತಿ ಕರಗಲು ಎಷ್ಟು ಹೊತ್ತಾಯಿತೆಂದರೆ, ನಾವಿಬ್ಬರೂ ಎದ್ದು ಕುಳಿತು ಕಂಬಳಿ ಹೊದ್ದು ಕೇಳುತ್ತಲೇ ಇದ್ದೆವು. ಒಂದು ಎಚ್ಚರಿಕೆ: ಆ ಸುತ್ತಲಿನದು ವೂಮೆರಾ ನಿಷೇಧಿತ ಪ್ರದೇಶ, 1947ರಿಂದ ರಾಕೆಟ್ ಪರೀಕ್ಷೆಗೆ ಮೀಸಲಾದ ನೆಲ; ಹೆದ್ದಾರಿ ಬಿಟ್ಟು ಸಿಕ್ಕ ಮಣ್ಣುದಾರಿಗೆ ಇಳಿಯುವಂತಿಲ್ಲ.

ಊಟದ ಚಿಂತೆ ಬೇಡ, ಆದರೆ ಸಿದ್ಧತೆ ಬೇಕು. ರೋಡ್‌ಹೌಸ್‌ಗಳಲ್ಲಿ ಸಸ್ಯಾಹಾರಿಗೆ ಸಿಗುವುದು ಆಲೂಗಡ್ಡೆಯ ಚಿಪ್ಸ್ ಮತ್ತು ಚೀಸ್ ಟೋಸ್ಟ್, ಅಷ್ಟೇ. ಮೆಲ್ಬೋರ್ನ್‌ನ ಭಾರತೀಯ ಅಂಗಡಿಗಳಲ್ಲಿ ಅವಲಕ್ಕಿ, ರವೆ, ಹೆಸರುಬೇಳೆ, ಪುಳಿಯೋಗರೆ ಗೊಜ್ಜು ಎಲ್ಲವೂ ಸಿಗುತ್ತವೆ. ಊರಿನಿಂದ ಹೊತ್ತು ತಂದು ವಿಮಾನನಿಲ್ದಾಣದಲ್ಲಿ ಘೋಷಣೆ, ತಪಾಸಣೆ ಎಂದು ನಿಲ್ಲುವ ಅಗತ್ಯವಿಲ್ಲ. ಮೂರು ಲೀಟರಿನ ಕುಕ್ಕರ್ ಒಂದನ್ನು ಮಗನಿಂದ ಪಡೆಯಿರಿ. ವಿಕ್ಟೋರಿಯಾದಿಂದ ದಕ್ಷಿಣ ಆಸ್ಟ್ರೇಲಿಯಾಕ್ಕೆ ಹೋಗುವಾಗ, ರೆನ್ಮಾರ್ಕ್‌ಗೆ ಮುಂಚೆ ಯಾಂಬಾ ಎಂಬಲ್ಲಿ ಹಣ್ಣುನೊಣದ ಹಾವಳಿ ತಡೆಯಲು ತಪಾಸಣಾ ಠಾಣೆಯಿದೆ. ಟೊಮೆಟೊ, ಹಸಿಮೆಣಸಿನಕಾಯಿ, ನಿಂಬೆ, ಮಾವು ಯಾವುದೂ ದಾಟುವಂತಿಲ್ಲ. ಇದನ್ನು ಮೊದಲೇ ಓದಿಕೊಂಡಿದ್ದ ನನ್ನ ಹೆಂಡತಿ ಮಿಲ್ಡೂರಾದಲ್ಲಿ ತಂಗಿದ ರಾತ್ರಿಯೇ ಟೊಮೆಟೊವನ್ನೆಲ್ಲ ಗೊಜ್ಜು ಮಾಡಿ, ನಿಂಬೆಯನ್ನು ಹಿಂಡಿ ಬಾಟಲಿಗೆ ತುಂಬಿಸಿದಳು. ಮೆಣಸಿನಕಾಯಿಯ ನೆನಪು ಮಾತ್ರ ಇಬ್ಬರಿಗೂ ಆಗದೆ, ಅದು ಠಾಣೆಯ ತೊಟ್ಟಿಗೆ ಹೋಯಿತು. ತರಕಾರಿಯನ್ನು ಪೋರ್ಟ್ ಆಗಸ್ಟಾದಲ್ಲಿ ಮತ್ತೆ ಕೊಳ್ಳಬಹುದು; ಅದರಾಚೆ ಕೂಬರ್ ಪೀಡಿಯವರೆಗೆ ಒಳ್ಳೆಯ ಅಂಗಡಿಯಿಲ್ಲ. ಮತ್ತೊಂದು ಮಾತು: ಒಗ್ಗರಣೆಯನ್ನು ವ್ಯಾನ್‌ನ ಒಳಗೆ ಹಾಕಬೇಡಿ. ಇಂಗು, ಸಾಸಿವೆ, ಒಣಮೆಣಸಿನ ಘಾಟು ದಿಂಬಿಗೆ ಹತ್ತಿದರೆ ಹತ್ತು ದಿನ ಹೋಗುವುದಿಲ್ಲ. ವಾಪಸ್ ಕೊಡುವಾಗ ಶುಚಿಗೊಳಿಸುವ ಶುಲ್ಕ ಎಂದು ನಮ್ಮ ಠೇವಣಿಯಲ್ಲಿ ಒಂದಿಷ್ಟು ಮುರಿದುಕೊಂಡರು, ಅದು ನ್ಯಾಯವೇ ಆಗಿತ್ತು.

ನೀರು ಮತ್ತು ಶೌಚದ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ನಾನು ಹೇಳುತ್ತೇನೆ. ವ್ಯಾನ್‌ನೊಳಗಿನ ಶೌಚಾಲಯದ ಡಬ್ಬಿಯನ್ನು ಎರಡು ಮೂರು ದಿನಕ್ಕೊಮ್ಮೆ ಎಳೆದು ತೆಗೆದು, ಅದಕ್ಕೆಂದೇ ಇರುವ ಡಂಪ್ ಪಾಯಿಂಟ್‌ನಲ್ಲಿ ಖಾಲಿ ಮಾಡಬೇಕು. ಆ ಕೆಲಸ ನನ್ನದಾಗಿತ್ತು. ಕೈಗವಸಿನ ಪೊಟ್ಟಣ ತಪ್ಪದೆ ಕೊಳ್ಳಿರಿ. ಕುಡಿಯುವ ನೀರನ್ನು ಟ್ಯಾಂಕಿನ ಹೊರತಾಗಿ ಬೇರೆ ಕ್ಯಾನ್‌ಗಳಲ್ಲಿ ಇಪ್ಪತ್ತು ಲೀಟರ್‌ನಷ್ಟಾದರೂ ಇಟ್ಟುಕೊಳ್ಳಿರಿ. ರಾತ್ರಿ ಉಷ್ಣತೆ ಸೊನ್ನೆಗೂ ಇಳಿಯುತ್ತದೆ. ಒಳ್ಳೆಯ ಕಂಬಳಿ ಬೇಕು. ಹಗಲಿಗೆ ಬೆಚ್ಚಗಿರುತ್ತದೆ.

ಕೂಬರ್ ಪೀಡಿಯಲ್ಲಿ ಒಂದು ದಿನ ಪೂರ್ತಿ ಇರಿ. 1915ರಲ್ಲಿ ಓಪಲ್ ಸಿಕ್ಕಿ ಹುಟ್ಟಿದ ಆ ಊರಿನ ಜನ ಬೇಸಿಗೆಯ ಧಗೆಗೆ ಅಂಜಿ ನೆಲದೊಳಗೆ ಮನೆ ಕೊರೆದುಕೊಂಡಿದ್ದಾರೆ. ಚರ್ಚು ಕೂಡ ನೆಲದಡಿಯಲ್ಲಿದೆ. ಉಲುರುವಿಗೆ ಎರಡು ದಿನ ಬೇಕೇ ಬೇಕು. ಬಂಡೆಯನ್ನು ಹತ್ತುವುದನ್ನು 2019ರ ಅಕ್ಟೋಬರ್ 26ರಿಂದ ಶಾಶ್ವತವಾಗಿ ನಿಲ್ಲಿಸಲಾಗಿದೆ. 1985ರಲ್ಲಿ ಆ ನೆಲವನ್ನು ಅದರ ಮೂಲ ಒಡೆಯರಾದ ಅನಂಗು ಜನರಿಗೆ ಮರಳಿಸಿದ್ದೂ ಅಕ್ಟೋಬರ್ 26ರಂದೇ. ಹತ್ತಲಾಗದೆಂದು ಬೇಸರ ಬೇಡ. ಬುಡದ ಸುತ್ತ ಸುಮಾರು ಹತ್ತು ಕಿಲೋಮೀಟರ್ ನಡಿಗೆ ಇದೆ, ಬಹುಪಾಲು ಸಮತಟ್ಟು, ನಮಗೆ ನಾಲ್ಕು ಗಂಟೆ ಹಿಡಿಯಿತು. ಕೆಲವೆಡೆ ಚಿತ್ರ ತೆಗೆಯಬಾರದೆಂಬ ಫಲಕಗಳಿವೆ. ನಮ್ಮ ಗರ್ಭಗುಡಿಯ ಮುಂದೆ ಮೊಬೈಲ್ ಹಿಡಿಯುವವರನ್ನು ಕಂಡಾಗ ನಮಗೆ ಏನನಿಸುತ್ತದೆಯೋ ಅದನ್ನೇ ನೆನೆದು ಕ್ಯಾಮೆರಾ ಚೀಲದಲ್ಲಿಡಿ.

ಸುರಕ್ಷತೆಯ ಮಾತಿಗೆ ಬಂದರೆ, ಊರುಗಳ ನಡುವೆ ಮೊಬೈಲ್ ಸಂಪರ್ಕ ಬಹುತೇಕ ಇರುವುದಿಲ್ಲ. ಟೆಲ್‌ಸ್ಟ್ರಾ ಸಿಮ್ ಉಳಿದವಕ್ಕಿಂತ ಮೇಲು. ಬಿಪಿ, ಸಕ್ಕರೆಯ ಮಾತ್ರೆಗಳಿದ್ದರೆ ಇಪ್ಪತ್ತು ದಿನಕ್ಕಾಗುವಷ್ಟು ಜೊತೆಯಲ್ಲಿರಲಿ. ತಂಗುವ ಜಾಗದ ಹೆಸರನ್ನು ಪ್ರತಿ ಬೆಳಿಗ್ಗೆ ಮಗನಿಗೆ ಕಳುಹಿಸಿ ಹೊರಡಿ. ವ್ಯಾನ್ ಕೆಟ್ಟರೆ ಅದನ್ನು ಬಿಟ್ಟು ನಡೆದುಹೋಗಬಾರದು. ಹೆದ್ದಾರಿಯಲ್ಲಿ ಯಾರಾದರೂ ನಿಲ್ಲಿಸಿಯೇ ನಿಲ್ಲಿಸುತ್ತಾರೆ.

ರಜೆ ಹತ್ತೇ ದಿನ, ಅದರಲ್ಲಿ ಬದಲಾವಣೆ ಸಾಧ್ಯವೇ ಇಲ್ಲ ಎನ್ನುವುದಾದರೆ, ಅಡಿಲೇಡ್‌ವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿ ವ್ಯಾನ್ ಪಡೆದು, ಉಲುರು ನೋಡಿ, ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ವ್ಯಾನ್ ಒಪ್ಪಿಸಿ ವಿಮಾನದಲ್ಲಿ ಮರಳಿರಿ. ಒಟ್ಟು ಸುಮಾರು 2,000 ಕಿಲೋಮೀಟರ್. ಒಂದೇ ಕಡೆಯ ಪ್ರಯಾಣಕ್ಕೆ ಹೆಚ್ಚುವರಿ ಶುಲ್ಕ ಕೇಳುತ್ತಾರೆ, ಕೊಡಿ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ, ಉಲುರು ಇರುವ ರಾಷ್ಟ್ರೀಯ ಉದ್ಯಾನದೊಳಗೆ ತಂಗುವಂತಿಲ್ಲವಾದ್ದರಿಂದ ಜುಲೈನಲ್ಲಿ ಎಲ್ಲರೂ ಮುಗಿಬೀಳುವುದು ಪಕ್ಕದ ಯುಲಾರಾದ ಕ್ಯಾಂಪ್‌ಗ್ರೌಂಡಿಗೆ. ಮೊದಲು ಅಲ್ಲಿ ಎರಡು ರಾತ್ರಿಗೆ ಜಾಗ ಕಾಯ್ದಿರಿಸಿ, ಆ ದಿನಾಂಕ ಹಿಡಿದುಕೊಂಡು ವ್ಯಾನ್ ಗೊತ್ತುಮಾಡಿರಿ.