ನಿಮ್ಮ ಲೇಖನದಲ್ಲಿ ಅಂಗಿಯೇ ಕಾಣಲಿಲ್ಲ

ನಮಸ್ಕಾರ. ಮದ್ದೂರಿನಿಂದ ನೀವು ಕಳಿಸಿದ 'ಅವಮಾನ ಮಾಡುವ ಜೆರ್ಸಿಗಳಿಗೆ ತೆರಿಗೆ ಹಾಕಿ' ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಹಾಕಲು ಆಗುವುದಿಲ್ಲ. ಸುಮ್ನೆ 'ಜಾಗವಿಲ್ಲ' ಅಂತ ಒಂದು ಸಾಲು ಬರೆದು ಮುಗಿಸಬಹುದಿತ್ತು, ಆದರೆ ವಿಷಯ ಚೆನ್ನಾಗಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಪೂರ್ತಿ ವ್ಯಾಖ್ಯಾನ. ಬಾಹ್ಯ ಪರಿಣಾಮ ಅಂದರೇನು, 1920ರಲ್ಲಿ ಅರ್ಥಶಾಸ್ತ್ರಜ್ಞ ಪಿಗೂ ಏನು ಹೇಳಿದರು, ಹೀಗೆ. ಪರೀಕ್ಷೆಗೆ ಬರೆದ ಉತ್ತರದ ಹಾಗಿದೆ. ನಿಮ್ಮ ಕಡೆ ಆಲೆಮನೆಗಳಿವೆ ಅಲ್ವಾ? ಬೆಲ್ಲದ ದುಡ್ಡು ಆಲೆಮನೆಯವರಿಗೆ, ಹೊಗೆ ಪಕ್ಕದ ಮನೆಗೆ. ಅಲ್ಲಿ ಒಣಗಲು ಹಾಕಿದ ಬಿಳಿ ಪಂಚೆಯ ಮೇಲೆ ಮಸಿ ಕೂತಿರುತ್ತದೆ, ಉಜ್ಜಿದರೆ ಇನ್ನೂ ಹರಡುತ್ತದೆ. ಆ ಸೋಪಿನ ಖರ್ಚು ಬೆಲ್ಲದ ರೇಟಿನಲ್ಲಿ ಸೇರಿಲ್ಲ. ಅದೇ ಬಾಹ್ಯ ಪರಿಣಾಮ, ತೆರಿಗೆ ಹಾಕಿ ಅದನ್ನು ರೇಟಿಗೆ ಸೇರಿಸಿ ಅನ್ನುವುದೇ ಪಿಗೂ ಮಾತು. ನಿಮ್ಮ ಎರಡು ಪುಟ ಇಷ್ಟರಲ್ಲೇ ಮುಗಿಯುತ್ತದೆ.

ವಾಷಿಂಗ್ಟನ್ ರೆಡ್‌ಸ್ಕಿನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಹೆಸರನ್ನು ಒಂದೇ ಸಾಲಲ್ಲಿ ಹೇಳಿ ಓಡಿಬಿಟ್ಟಿದ್ದೀರಿ. ಕಥೆ ಇರುವುದೇ ಅಲ್ಲಿ. 'ಕೆಂಪು ಚರ್ಮದವರು' ಅಂತ ಅರ್ಥ, ಅಮೆರಿಕದ ಮೂಲನಿವಾಸಿಗಳನ್ನು ಹೀಯಾಳಿಸುವ ಮಾತು. ಇದನ್ನು ಹೇಳದಿದ್ದರೆ ಯಾಕೆ ಗಲಾಟೆ ಅಂತ ನಮ್ಮ ಓದುಗರಿಗೆ ಹೇಗೆ ಗೊತ್ತಾಗಬೇಕು? ಹೆಸರು ಬದಲಿಸುವುದೇ ಇಲ್ಲ ಎಂದು ಮಾಲೀಕರು 2013ರಲ್ಲಿ ಹೇಳಿದ್ದರು. 2020ರ ಜುಲೈನಲ್ಲಿ, ಸ್ಟೇಡಿಯಂಗೆ ತನ್ನ ಹೆಸರು ಹಾಕಿಸಿಕೊಂಡು ದುಡ್ಡು ಕೊಡುತ್ತಿದ್ದ ಕೊರಿಯರ್ ಕಂಪನಿ ಫೆಡ್‌ಎಕ್ಸ್ ಹೆಸರು ಬದಲಿಸಿ ಎಂದಿತು, ನೈಕಿ ತನ್ನ ಆನ್‌ಲೈನ್ ಅಂಗಡಿಯಿಂದ ಆ ತಂಡದ ಬಟ್ಟೆ ತೆಗೆಯಿತು, ಹದಿನೈದು ದಿನದೊಳಗೆ ಹೆಸರು ಹೋಯಿತು. ತೆರಿಗೆಯ ಸುದ್ದಿಯೇ ಇಲ್ಲ. ಮೇಲಾಗಿ, ಹೀಯಾಳಿಸುತ್ತದೆ ಎಂಬ ಕಾರಣಕ್ಕೆ ಟ್ರೇಡ್‌ಮಾರ್ಕ್ ನಿರಾಕರಿಸುವಂತಿಲ್ಲ, ಅದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ಅಲ್ಲಿನ ಸುಪ್ರೀಂ ಕೋರ್ಟು 2017ರಲ್ಲೇ ಹೇಳಿದೆ. ನಿಮ್ಮ ತೆರಿಗೆ ಅದರ ಮುಂದೆ ನಿಲ್ಲುತ್ತದೆಯೇ? ಇದಕ್ಕೆ ನೀವು ಉತ್ತರ ಕೊಡಲೇಬೇಕು.

ಇನ್ನು ನೀವು ನೋಡದೇ ಬಿಟ್ಟದ್ದು. 2020ಕ್ಕೆ ಮೊದಲು ಆ ಜೆರ್ಸಿ ಹಾಕಿದವನು ಬರೀ ಅಭಿಮಾನಿ. ಈಗ ಅದನ್ನೇ ಹಾಕಿ ಬಂದರೆ, ಪಾಪ ಹಳೇ ಬಟ್ಟೆ ಎಸೆಯಲು ಮನಸ್ಸಾಗದೆ ಹಾಕಿಕೊಂಡಿದ್ದರೂ, ನೋಡಿದವರು 'ಬೇಕಂತಲೇ ಹಾಕಿದ್ದಾನೆ' ಅಂದುಕೊಳ್ಳುತ್ತಾರೆ. ಅಂಗಿಗಳು ಕಡಿಮೆಯಾದಷ್ಟೂ ಒಂದೊಂದು ಅಂಗಿ ಚುಚ್ಚುವುದು ಜಾಸ್ತಿ. ಹೊಗೆ ಹೀಗಲ್ಲ, ಆಲೆಮನೆ ಕಡಿಮೆಯಾದರೆ ಮಸಿಯೂ ಕಡಿಮೆ. ಅಂಗಡಿಯಲ್ಲಿ ತೆರಿಗೆ ಹಾಕುತ್ತೀರಿ ಸರಿ, ಬೀರುವಿನಲ್ಲಿ ಮಡಚಿಟ್ಟ ಅಂಗಿಗೆ ಏನು ಮಾಡುತ್ತೀರಿ? ಕ್ಲೀವ್‌ಲ್ಯಾಂಡಿನ ಬೇಸ್‌ಬಾಲ್ ತಂಡದ್ದು ಇನ್ನೂ ತಮಾಷೆ. 2018ರ ಸೀಸನ್ ಮುಗಿದ ಮೇಲೆ ಆಟಗಾರರ ಅಂಗಿಯಿಂದ 'ಚೀಫ್ ವಾಹೂ' ಎಂಬ, ಮೂಲನಿವಾಸಿಯ ವ್ಯಂಗ್ಯಚಿತ್ರದ ಮುಖ ತೆಗೆದರು, ಆದರೆ ಟ್ರೇಡ್‌ಮಾರ್ಕ್ ಕೈತಪ್ಪಬಾರದೆಂದು ಆ ಮುಖದ ಬಟ್ಟೆಯನ್ನು ಅಷ್ಟಿಷ್ಟು ಮಾರುತ್ತಲೇ ಇದ್ದರು. ಬಿಟ್ಟರೆ ಬೇರೆ ಯಾರೋ ಅಚ್ಚು ಹಾಕಿಸಿ ಮಾರುತ್ತಾರೆ! ನಿಮ್ಮ ಲೇಖನ ಶುರುವಾಗಬೇಕಾದ್ದು ಇಲ್ಲಿಂದ.

'ನಾವೆಲ್ಲರೂ ಜಾಗೃತರಾಗೋಣ' ಅನ್ನುವ ಕೊನೆಯ ಪ್ಯಾರಾ ಕಿತ್ತುಹಾಕಿ. ಅದರ ಬದಲು ಒಂದು ಸಂಜೆ ಮೈಸೂರಿಗೆ ಬಂದು ದೇವರಾಜ ಅರಸು ರಸ್ತೆಯಲ್ಲಿ ನಿಲ್ಲಿ. ಎದೆ ಮೇಲೆ ಇಂಗ್ಲಿಷ್ ಅಕ್ಷರವಿರುವ ಟೀ ಶರ್ಟ್ ಹಾಕಿದ ನಾಲ್ಕು ಹುಡುಗರನ್ನು 'ಇದರರ್ಥ ಏನಪ್ಪಾ' ಅಂತ ಕೇಳಿ. ಅರ್ಥ ಗೊತ್ತಿಲ್ಲದೆ ಹಾಕುವವನನ್ನು ನಿಮ್ಮ ಲೆಕ್ಕದಲ್ಲಿ ಎಲ್ಲಿ ಕೂರಿಸುತ್ತೀರಿ ಅನ್ನುವುದು ನನಗೂ ಕುತೂಹಲ.

1500 ಪದ ಬೇಡ, 800 ಸಾಕು. ಮುಂದಿನ ತಿಂಗಳು 10ರೊಳಗೆ ಕಳಿಸಿ. ಮತ್ತೆ ಮೊಬೈಲಲ್ಲಿ ಫೋಟೊ ತೆಗೆದು ಕಳಿಸಬೇಡಿ, ಟೈಪ್ ಮಾಡಿ.